26 ಅಡಿಯ ತೋಟದ ಏರಿ ಯಾವ ವರ್ಗಕ್ಕೆ ಸೇರುತ್ತದೆ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ. ಅಜ್ಜನ ಕಾಲದಲ್ಲಿ ಹಳ್ಳಕ್ಕೆ ಅಡ್ಡ ಕಟ್ಟಿಸಿದ ಮಣ್ಣಿನ ಏರಿಯ ಕೆರೆ ಇದೆ. ಹಳ್ಳದ ತಳದಿಂದ ಏರಿಯ ಎತ್ತರ 26 ಅಡಿ, ಉದ್ದ 300 ಅಡಿ, ನೆತ್ತಿಯ ಅಗಲ 8 ಅಡಿ. ತುಂಬಿದಾಗ ನೀರು ಎರಡೂವರೆ ಎಕರೆ ಹರಡುತ್ತದೆ. ಕೋಡಿ 6 ಅಡಿ ಅಗಲ, ನೆತ್ತಿಗಿಂತ 3 ಅಡಿ ಕೆಳಗಿದೆ. ಏರಿಯ ಅಡಿಯಲ್ಲಿ 6 ಇಂಚಿನ ಹಳೆಯ ಕಬ್ಬಿಣದ ಪೈಪು, ಅದರ ವಾಲ್ವ್ ಹೊರಗಡೆ. ಸುಮಾರು 100 ಎಕರೆ ಗುಡ್ಡದ ನೀರು ಈ ಕೆರೆಗೆ ಬರುತ್ತದೆ. ಏರಿಯಿಂದ 400 ಮೀಟರ್ ಕೆಳಗೆ ಹಳ್ಳದ ಪಕ್ಕದಲ್ಲೇ ಆರು ಮನೆಗಳ ಕೂಲಿ ಲೈನ್ ಇದೆ, ಅದರಾಚೆ ಟಾರು ರಸ್ತೆ. ಲೈನ್ ಪಕ್ಕದಲ್ಲಿ ಹೋಂಸ್ಟೇ ಕಟ್ಟುವ ಯೋಚನೆಯೂ ಇದೆ. ಏರಿಯ ಹಿಂಬದಿಯ ಬುಡದಲ್ಲಿ ವರ್ಷವಿಡೀ ತೇವ ಇರುತ್ತದೆ. "ಇದು ಸಣ್ಣ ಡ್ಯಾಮು, ಕಾಯ್ದೆಗೆ ಬರುವುದಿಲ್ಲ, ಚಿಂತೆ ಬೇಡ" ಎಂದು ಒಬ್ಬ ಎಂಜಿನಿಯರ್ ಹೇಳಿದರು. ಅಮೆರಿಕದಲ್ಲಿರುವ ನೆಂಟರು "ನಮ್ಮಲ್ಲಾದರೆ ಇದು ಹೈ ಹಜಾರ್ಡ್" ಎನ್ನುತ್ತಾರೆ. ಯಾರ ಮಾತು ಸರಿ? ನಾವು ಏನು ಮಾಡಬೇಕು?

ಉತ್ತರ: ಇಬ್ಬರ ಮಾತೂ ಸರಿ. ಎಂಜಿನಿಯರ್ ನೋಡಿದ್ದು ಏರಿಯ ಗಾತ್ರವನ್ನು. ನಿಮ್ಮ ನೆಂಟರು ನೋಡಿದ್ದು ಏರಿ ಒಡೆದರೆ ಯಾರ ಮನೆಗೆ ನೀರು ನುಗ್ಗುತ್ತದೆ ಎಂಬುದನ್ನು. ಅಣೆಕಟ್ಟಿನ ವಿಚಾರದಲ್ಲಿ ಇವು ಎರಡು ಬೇರೆ ಲೆಕ್ಕ. ಒಂದರ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿಕೊಂಡು ನೆಮ್ಮದಿಯಾಗಿರುವುದೇ ತೋಟದ ಕೆರೆಗಳ ದೊಡ್ಡ ತೊಂದರೆ. ಮೂರನೆಯ ಲೆಕ್ಕವೂ ಒಂದಿದೆ: ಏರಿ ಇವತ್ತು ಯಾವ ಸ್ಥಿತಿಯಲ್ಲಿದೆ ಎಂಬುದು. ನೀವು ಕೊಟ್ಟ ಅಳತೆಗಳನ್ನೇ ಇಟ್ಟುಕೊಂಡು ಮೂರನ್ನೂ ನೋಡೋಣ.

ಮೊದಲು ನೀರಿನ ಪ್ರಮಾಣ. ಎರಡೂವರೆ ಎಕರೆ ಎಂದರೆ ಸುಮಾರು 10,100 ಚದರ ಮೀಟರ್. ಕೋಡಿ ಮಟ್ಟದವರೆಗೆ ಅತಿ ಹೆಚ್ಚಿನ ಆಳ 7 ಮೀಟರ್. ಮಲೆನಾಡಿನ ಹಳ್ಳಗಳ ತಳ ಇಕ್ಕಟ್ಟು, ಮೇಲೆ ಹೋದಂತೆ ಅಗಲ. ಹಾಗಾಗಿ ವಿಸ್ತೀರ್ಣವನ್ನು ಆಳದಿಂದ ಗುಣಿಸಿ, ಬಂದದ್ದರ ಹತ್ತರಲ್ಲಿ ನಾಲ್ಕು ಭಾಗ ತೆಗೆದುಕೊಂಡರೆ ಅಂದಾಜಿಗೆ ಸಾಕು. 10,100 × 7 × 0.4, ಅಂದರೆ ಸುಮಾರು 28,000 ಘನ ಮೀಟರ್, ಲೀಟರಿನಲ್ಲಿ 2.8 ಕೋಟಿ. ಪತ್ರಿಕೆಯಲ್ಲಿ ದಿನಾ ಓದುವ ಟಿಎಂಸಿಯ ಸಾವಿರದ ಒಂದು ಪಾಲು. ಕೆ.ಆರ್.ಎಸ್. ಮುಂದೆ ಇದು ಲೆಕ್ಕಕ್ಕೇ ಇಲ್ಲ, ನಿಜ. ಆದರೆ 28,000 ಘನ ಮೀಟರ್ ನೀರಿನ ತೂಕ 28,000 ಟನ್. ಅದು 23 ಅಡಿ ಎತ್ತರಕ್ಕೆ ನಿಂತಿದೆ.

ಈಗ ಕಾಯ್ದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರವಿದ್ದರೆ ಕೆಲವು ಷರತ್ತುಗಳಲ್ಲಿ ಒಂದಾದರೂ ಕೂಡಿಬರಬೇಕು: ನೆತ್ತಿಯ ಉದ್ದ 500 ಮೀಟರ್ ಮುಟ್ಟಿರಬೇಕು, ಇಲ್ಲವೇ ಸಂಗ್ರಹ 10 ಲಕ್ಷ ಘನ ಮೀಟರ್ ಇರಬೇಕು, ಇಲ್ಲವೇ ಗರಿಷ್ಠ ಪ್ರವಾಹ ಸೆಕೆಂಡಿಗೆ 2,000 ಘನ ಮೀಟರ್ ಇರಬೇಕು, ಇಲ್ಲವೇ ಅಡಿಪಾಯ ತೀರಾ ತೊಡಕಿನದು ಅಥವಾ ವಿನ್ಯಾಸ ಅಸಾಮಾನ್ಯವಾದದ್ದು ಆಗಿರಬೇಕು. ನಿಮ್ಮದು 8 ಮೀಟರ್. ಕಾಯ್ದೆಯ ಹೊರಗೆ. ಭಾರತೀಯ ಮಾನಕ ಐಎಸ್ 11223ರಲ್ಲಿ 'ಸಣ್ಣ' ಎಂಬ ಗುಂಪು ಶುರುವಾಗುವುದೇ 5 ಲಕ್ಷ ಘನ ಮೀಟರ್ ಸಂಗ್ರಹ ಅಥವಾ 7.5 ಮೀಟರ್ ನೀರಿನ ಎತ್ತರದಿಂದ. ಅಂದರೆ ನಿಮ್ಮ ಕೆರೆ ಅಲ್ಲಿ 'ಸಣ್ಣ' ಎನಿಸಿಕೊಳ್ಳುವಷ್ಟೂ ದೊಡ್ಡದಲ್ಲ! ಒಂದು ಎಚ್ಚರಿಕೆ: ಕಾಯ್ದೆಯ ಎತ್ತರವನ್ನು ಅಡಿಪಾಯದ ಅತಿ ತಗ್ಗಿನ ಭಾಗದಿಂದ ಅಳೆಯಬೇಕು, ಕಣ್ಣಿಗೆ ಕಾಣುವ ನೆಲದಿಂದಲ್ಲ. ಹಿಂಬದಿಯಲ್ಲಿ ಹೂಳು, ಮಣ್ಣು ತುಂಬಿ ಏರಿ ಗಿಡ್ಡವಾಗಿ ಕಾಣುವುದುಂಟು. 10 ಮೀಟರ್ ಎಂದರೆ ಸುಮಾರು 33 ಅಡಿ, ಹಾಗಾಗಿ 31-32 ಅಡಿಯ ಏರಿ ಇರುವವರು ಈ ಅಳತೆಯನ್ನು ಸರ್ವೆಯವರಿಂದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಇದೇ ಏರಿ ಬೇರೆ ದೇಶದಲ್ಲಿದ್ದರೆ? ಇಂಗ್ಲೆಂಡಿನಲ್ಲಿ ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರ್ ನೀರು ನಿಲ್ಲಿಸಬಲ್ಲ ಜಲಾಶಯ ನೋಂದಣಿಯಾಗಬೇಕು, ಒಡೆದರೆ ಜೀವಕ್ಕೆ ಅಪಾಯ ಎಂದಾದರೆ ಪರಿಣತ ಎಂಜಿನಿಯರ್‌ ತಪಾಸಣೆಗೂ ಒಳಗಾಗಬೇಕು. ವೇಲ್ಸಿನಲ್ಲಿ ಆ ಮಿತಿ 10,000ಕ್ಕೆ ಇಳಿದಿದೆ. ಅಮೆರಿಕದ ರಾಷ್ಟ್ರೀಯ ಪಟ್ಟಿಗೆ 25 ಅಡಿ ಎತ್ತರ, 15 ಎಕರೆ-ಅಡಿಗಿಂತ ಹೆಚ್ಚು ನೀರು ಇದ್ದರೆ ಸಾಕು (ಒಂದು ಎಕರೆಯಲ್ಲಿ ಒಂದು ಅಡಿ ನಿಂತ ನೀರು ಒಂದು ಎಕರೆ-ಅಡಿ). ನಿಮ್ಮದು 26 ಅಡಿ, ಸುಮಾರು 23 ಎಕರೆ-ಅಡಿ. ಈ ಎಲ್ಲ ಕಡೆಯೂ ಕಾಯ್ದೆ ಅಥವಾ ಪಟ್ಟಿಯ ಒಳಗೆ. ನಮ್ಮಲ್ಲಿ ಹೊರಗುಳಿದಿದೆ ಎಂದ ಮಾತ್ರಕ್ಕೆ ನೀರಿನ ಬಲ ಕಡಿಮೆಯಾಗುವುದಿಲ್ಲ.

ಇನ್ನು ಅಪಾಯದ ವರ್ಗ. ಅಮೆರಿಕದ ಪದ್ಧತಿಯಲ್ಲಿ ಮೂರು ಮೆಟ್ಟಿಲು. ಏರಿ ಒಡೆದರೆ ಒಡೆಯನ ಜಮೀನಿಗಷ್ಟೇ ನಷ್ಟ ಎಂದಾದರೆ ಕಡಿಮೆ ಅಪಾಯ. ಜೀವಹಾನಿ ಆಗಲಿಕ್ಕಿಲ್ಲ, ಆದರೆ ರಸ್ತೆ, ವಿದ್ಯುತ್ ಕಂಬ, ಬೇರೆಯವರ ಬೆಳೆ ಹೋಗುತ್ತದೆ ಎಂದಾದರೆ ಗಣನೀಯ ಅಪಾಯ. ಒಬ್ಬರ ಜೀವವಾದರೂ ಹೋಗುವ ಸಂಭವ ಇದ್ದರೆ ಹೆಚ್ಚಿನ ಅಪಾಯ. ನಮ್ಮ ಕೇಂದ್ರ ಜಲ ಆಯೋಗದ 2020ರ ಮಾರ್ಗಸೂಚಿಯಲ್ಲಿ ನಾಲ್ಕು ವರ್ಗಗಳಿವೆ, ತಿರುಳು ಒಂದೇ. ಏರಿ ಗಟ್ಟಿಯೋ ಪೊಳ್ಳೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಿನ್ನೆ ಕಟ್ಟಿದ ಒಳ್ಳೆಯ ಅಣೆಕಟ್ಟೂ ಊರಿನ ಮೇಲಿದ್ದರೆ 'ಹೆಚ್ಚಿನ ಅಪಾಯ'ದ್ದೇ. ಬಿರುಕು ಬಿಟ್ಟ ಏರಿಯೂ ಕಾಡಿನ ನಡುವೆ ಇದ್ದರೆ 'ಕಡಿಮೆ ಅಪಾಯ'ದ್ದೇ.

ನಿಮ್ಮ ಏರಿ ಒಡೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಬಹುದು. ಹಿಂದೆ ಒಡೆದ ಮಣ್ಣಿನ ಅಣೆಕಟ್ಟುಗಳ ಅಳತೆಗಳಿಂದ ತೆಗೆದ ಫ್ರೋಲಿಕ್ ಸೂತ್ರ ಇದಕ್ಕೆ ಬಳಕೆಯಲ್ಲಿದೆ. 28,000 ಘನ ಮೀಟರ್, 7 ಮೀಟರ್ ಆಳ ಹಾಕಿದರೆ ಗರಿಷ್ಠ ಹರಿವು ಸೆಕೆಂಡಿಗೆ ಸುಮಾರು 140 ಘನ ಮೀಟರ್, ಅಂದರೆ 4,900 ಕ್ಯೂಸೆಕ್. ಕಂಡಿ ಪೂರ್ತಿ ತೆರೆದುಕೊಳ್ಳಲು ಐದಾರು ನಿಮಿಷ. ಸುಮಾರು ಹತ್ತು ನಿಮಿಷದಲ್ಲಿ ಕೆರೆ ಖಾಲಿ. ಇವು ಅಂದಾಜುಗಳು, ನಿಜದಲ್ಲಿ ಅರ್ಧವೂ ಆಗಬಹುದು, ಒಂದೂವರೆ ಪಟ್ಟೂ ಆಗಬಹುದು. ಅರ್ಧ ಎಂದೇ ಇಟ್ಟುಕೊಂಡರೂ ಉತ್ತರ ಬದಲಾಗುವುದಿಲ್ಲ. ಪೂರ್ತಿ 140 ಘನ ಮೀಟರ್ ಬಂತು, ಹಳ್ಳ ಇಕ್ಕೆಲವೂ ಸೇರಿ 30 ಮೀಟರ್ ಅಗಲ ಎಂದುಕೊಳ್ಳಿ, ನೀರಿನ ವೇಗ ಸೆಕೆಂಡಿಗೆ 3 ಮೀಟರ್. ಆಗ ನೀರಿನ ಆಳ ಒಂದೂವರೆ ಮೀಟರ್, ಎಂದರೆ ಎದೆಮಟ್ಟ. ಆಳವನ್ನು ವೇಗದಿಂದ ಗುಣಿಸಿದಾಗ ಒಂದಕ್ಕಿಂತ ಹೆಚ್ಚು ಬಂದರೆ ಗಟ್ಟಿಮುಟ್ಟಾದ ಗಂಡಾಳೂ ನಿಲ್ಲಲಾರ. ಇಲ್ಲಿ ನಾಲ್ಕೂವರೆ ಬರುತ್ತದೆ. ಹಳೆಯ ಮಣ್ಣಿನ ಗೋಡೆಯ ಲೈನ್ ಮನೆಗಳೂ ಉಳಿಯುವುದು ಕಷ್ಟ. ಮುಂಚೂಣಿಯ ನೀರು 400 ಮೀಟರ್ ದಾಟಲು ಬೇಕಾದದ್ದು ಎರಡು ನಿಮಿಷ, ಸ್ವಲ್ಪ ಹೆಚ್ಚು. ರಾತ್ರಿ, ಮಳೆಯ ಸದ್ದಿನ ನಡುವೆ.

ಹಾಗಾಗಿ ಎರಡನೆಯ ಲೆಕ್ಕದಲ್ಲಿ ನಿಮ್ಮದು ಅನುಮಾನವಿಲ್ಲದೆ 'ಹೆಚ್ಚಿನ ಅಪಾಯ'ದ ಏರಿ. ಅದನ್ನು ಹಾಗೆ ಮಾಡಿದ್ದು ಹಳ್ಳದ ಪಕ್ಕದ ಆರು ಮನೆಗಳು.

ಇದನ್ನು ನೀವೇ ಖಚಿತ ಮಾಡಿಕೊಳ್ಳಬಹುದು. ಏರಿಯ ಬುಡದಿಂದ ಹಳ್ಳದ ಜಾಡಿನಲ್ಲಿ ದೊಡ್ಡ ಹೊಳೆ ಸೇರುವವರೆಗೆ, ಇಲ್ಲವೇ ಎರಡು ಮೂರು ಕಿಲೋಮೀಟರ್ ನಡೆಯಿರಿ. ಪ್ರತಿ ಮನೆಯ ಹತ್ತಿರ ನಿಂತು, ಹಳ್ಳದ ತಳಕ್ಕಿಂತ ಆ ಮನೆಯ ಪಾಯ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿ ಗಾರೆಯವರು ಮಟ್ಟ ನೋಡುತ್ತಾರಲ್ಲ, ಅದೇ ಸಾಕು. ಏರಿಯಿಂದ ಮೊದಲ ಅರ್ಧ ಕಿಲೋಮೀಟರಿನಲ್ಲಿ 3 ಮೀಟರಿಗಿಂತ ತಗ್ಗಿನಲ್ಲಿರುವ ಮನೆಗಳನ್ನೆಲ್ಲ ಅಪಾಯದ ಪಟ್ಟಿಗೆ ಹಾಕಿ. ಹಳ್ಳ ತಿರುಗುವ ಕಡೆ ಹೊರಬದಿಯಲ್ಲಿ ನೀರು ಇನ್ನೂ ಮೇಲೇರುತ್ತದೆ. ಕೆಳಗೆ ಇನ್ನೊಬ್ಬರ ಕೆರೆ ಇದೆಯೇ ಎಂದು ತಪ್ಪದೆ ನೋಡಿ. ನಿಮ್ಮ ನೀರು ಆ ಏರಿಯನ್ನೂ ಕಿತ್ತುಕೊಂಡು ಹೋದರೆ ಎರಡೂ ಕೆರೆಯ ನೀರು ಒಟ್ಟಿಗೆ ಹೋಗುತ್ತದೆ. ಆಗ ಲೆಕ್ಕವನ್ನು ಆ ಎರಡನೆಯ ಏರಿಯ ಕೆಳಗಿನಿಂದ ಮತ್ತೆ ಶುರುಮಾಡಬೇಕು.

ವರ್ಗೀಕರಣ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹವಾಯಿಯ ಕವಾಯಿ ದ್ವೀಪದ ಕಾಲೊಕೊ ಅಣೆಕಟ್ಟು ಉದಾಹರಣೆ. ಕಬ್ಬಿನ ತೋಟಕ್ಕೆಂದು ಕಟ್ಟಿದ್ದ, ಖಾಸಗಿ ಒಡೆತನದ ಮಣ್ಣಿನ ಏರಿ. ಸರ್ಕಾರಿ ಪಟ್ಟಿಯಲ್ಲಿ 'ಕಡಿಮೆ ಅಪಾಯ' ಎಂದು ದಾಖಲಾಗಿತ್ತು. 2006ರ ಮಾರ್ಚ್ 14ರಂದು ವಾರಗಟ್ಟಲೆ ಸುರಿದ ಮಳೆಯ ನಂತರ ಒಡೆದು, ಕೆಳಗಿದ್ದ ಏಳು ಜನ ಸತ್ತರು. ಅದರ ಕೋಡಿಯನ್ನು ಮಣ್ಣು ಹಾಕಿ ಮುಚ್ಚಲಾಗಿತ್ತು ಎಂಬುದು ತನಿಖೆಯ ಮುಖ್ಯ ಅಂಶ. ಕೀನ್ಯಾದ ಸೋಲಾಯ್‌ನಲ್ಲಿ 2018ರ ಮೇ 9ರ ರಾತ್ರಿ ಒಡೆದದ್ದೂ ಒಂದು ಖಾಸಗಿ ತೋಟದ ಮಣ್ಣಿನ ಏರಿಯೇ. 40ಕ್ಕೂ ಹೆಚ್ಚು ಜನ ತೀರಿಕೊಂಡರು.

ಮೂರನೆಯ ಲೆಕ್ಕಕ್ಕೆ, ಅಂದರೆ ಏರಿಯ ಸ್ಥಿತಿಗೆ ಬರೋಣ. ಮಣ್ಣಿನ ಏರಿ ಹೋಗುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ನೀರು ನೆತ್ತಿಯ ಮೇಲೆ ಹರಿದು, ಇಲ್ಲವೇ ಒಳಗಿನಿಂದ ಮಣ್ಣು ಕೊಚ್ಚಿಕೊಂಡು ಹೋಗಿ. ಮೊದಲನೆಯದಕ್ಕೆ ಔಷಧ ಕೋಡಿ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಕಳವಳ ಹುಟ್ಟಿಸಿದ್ದೂ ಆ 6 ಅಡಿಯ ಕೋಡಿಯೇ.

100 ಎಕರೆ ಎಂದರೆ 40 ಹೆಕ್ಟೇರ್. ಜುಲೈನಲ್ಲಿ ನೆಲ ನೀರು ಕುಡಿದು ತುಂಬಿರುವಾಗ ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಅರ್ಧವಾದರೂ ನೇರ ಹರಿದು ಬರುತ್ತದೆ. ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಎಂದು ಹಿಡಿಯಿರಿ. 0.5 × 100 × 40 ಭಾಗಿಸು 360: ಸೆಕೆಂಡಿಗೆ 5.5 ಘನ ಮೀಟರ್, ಸುಮಾರು 195 ಕ್ಯೂಸೆಕ್. ನಿಮ್ಮ ಕೋಡಿ ಎಷ್ಟು ಸಾಗಿಸುತ್ತದೆ? ಅಗಲ ಬಾಯಿಯ ಕೋಡಿಗೆ ಸೂತ್ರ ಹೀಗೆ: 1.7 ಗುಣಿಸು ಅಗಲ, ಗುಣಿಸು ನೀರಿನ ಎತ್ತರದ ಒಂದೂವರೆ ಘಾತ. 1.8 ಮೀಟರ್ ಅಗಲ, 0.9 ಮೀಟರ್ ಎತ್ತರ ಹಾಕಿದರೆ 2.6 ಘನ ಮೀಟರ್. ಅದೂ ನೀರು ಏರಿಯ ನೆತ್ತಿಯ ಅಂಚು ಮುಟ್ಟಿದಾಗ! ಬರುವುದರಲ್ಲಿ ಅರ್ಧಕ್ಕಿಂತ ಕಡಿಮೆ. ಕೋಡಿ ಮಟ್ಟದಿಂದ ನೆತ್ತಿಯವರೆಗೆ ಕೆರೆಯಲ್ಲಿ ಸುಮಾರು 9,000 ಘನ ಮೀಟರ್ ಜಾಗ ಇದೆ. ಅದು ತುಂಬಲು ಇಂಥ ಮಳೆ ನಲವತ್ತು ನಿಮಿಷ ಬಿದ್ದರೆ ಸಾಕು. ಆಮೇಲೆ ನೀರು ಏರಿಯ ಮೇಲೆಯೇ. ನೆತ್ತಿ ಹತ್ತಿದ ನೀರು ತಗ್ಗಿರುವ ಕಡೆಯೇ ಸೇರುತ್ತದೆ. ಹಳೆಯ ಏರಿಗಳು ನಡುವೆ ಒಂದು ಗೇಣಾದರೂ ಕುಸಿದಿರುತ್ತವೆ, ಬುಡದಿಂದ ಅಳೆದರೆ ಅಲ್ಲಿಯೇ ಏರಿ ಅತಿ ಎತ್ತರ. ಹಿಂಬದಿಯ ಬುಡದಿಂದ ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಳಚುತ್ತ ಮೇಲೆ ಬರುತ್ತದೆ. ನೆತ್ತಿ ತಲುಪಿದ ಮೇಲೆ ಹಿಡಿದು ನಿಲ್ಲಿಸುವುದು ಸಾಧ್ಯವಿಲ್ಲ.

ಕೋಡಿಯನ್ನು ಸರಿಮಾಡಲು ಎರಡು ದಾರಿ. ಈಗಿರುವ ಮಟ್ಟದಲ್ಲೇ ಅಗಲವನ್ನು 6 ಅಡಿಯಿಂದ 35 ಅಡಿಗೆ ಏರಿಸಬಹುದು. ಆಗ 195 ಕ್ಯೂಸೆಕ್ ಒಂದೂವರೆ ಅಡಿ ಆಳದಲ್ಲಿ ಹೋಗುತ್ತದೆ, ಮೇಲೆ ಒಂದೂವರೆ ಅಡಿ ಏರಿ ಒಣಗಿ ಉಳಿಯುತ್ತದೆ. ಇಲ್ಲವೇ ಕೋಡಿಯ ಹಾಸನ್ನು ಒಂದು ಅಡಿ ತಗ್ಗಿಸಿ 23 ಅಡಿ ಅಗಲ ಮಾಡಬಹುದು, ಆಗ 2 ಅಡಿ ಒಣ ಏರಿ ಉಳಿಯುತ್ತದೆ. ಎರಡನೆಯದರಲ್ಲಿ ಅಗೆತ ಕಡಿಮೆ, ಆದರೆ ಒಂದು ಅಡಿ ನೀರು ಹೋಯಿತು, ಅಂದರೆ 30 ಲಕ್ಷ ಲೀಟರ್. ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಬ್ಲಾಸಮ್‌ಗೆ ಎಕರೆಗೆ ಒಂದು ಇಂಚು ಸ್ಪ್ರಿಂಕ್ಲರ್ ಹೊಡೆಯುತ್ತೀರಿ ಎಂದರೆ ಅದು 30 ಎಕರೆಯ ನೀರು. ಆದ್ದರಿಂದ ಜಾಗ ಇದ್ದರೆ ಅಗಲ ಮಾಡುವುದೇ ಲಾಭ. ಎರಡು ವಿಧದಲ್ಲೂ ನೆತ್ತಿಯವರೆಗೆ ತುಂಬಿ ಹರಿದರೆ ಕೋಡಿ ಸೆಕೆಂಡಿಗೆ 15 ಘನ ಮೀಟರ್ ಸಾಗಿಸುತ್ತದೆ. ಕೆಳಗೆ ಮನೆಗಳಿರುವಾಗ ಲೆಕ್ಕದ ಪ್ರವಾಹದ ಎರಡೂವರೆ ಪಟ್ಟು ಬಂದರೂ ಏರಿ ತಡೆದುಕೊಳ್ಳುತ್ತದೆ ಎಂಬ ಈ ಹೆಚ್ಚುವರಿ ಬೇಕೇ ಬೇಕು.

ಕೋಡಿಯನ್ನು ಗುಡ್ಡದ ಬದಿಯ ಗಟ್ಟಿ ನೆಲದಲ್ಲಿ ಕಡಿಯಬೇಕು, ಏರಿಯ ಮಣ್ಣಿನಲ್ಲಿ ಅಲ್ಲ. ಹರಿದ ನೀರು ಏರಿಯ ಬುಡಕ್ಕೆ ತಿರುಗಿ ಬರದಂತೆ ಕಾಲುವೆಯನ್ನು ದೂರ ಒಯ್ದು, ಹಳ್ಳಕ್ಕೆ ಬೀಳುವ ಜಾಗದಲ್ಲಿ ದೊಡ್ಡ ಕಾಡುಗಲ್ಲು ಹಾಸಬೇಕು.

ಕೋಡಿಯ ಬಗ್ಗೆ ಇನ್ನೂ ಎರಡು ಮಾತು, ಏಕೆಂದರೆ ತೋಟದ ಕೆರೆಗಳಲ್ಲಿ ಇವೆರಡೂ ಸಾಮಾನ್ಯ. ಮಳೆಗಾಲ ಮುಗಿಯುವಾಗ ಒಂದಿಷ್ಟು ನೀರು ಹೆಚ್ಚು ನಿಲ್ಲಲಿ ಎಂದು ಕೋಡಿಗೆ ಹಲಗೆ ಅಥವಾ ಮರಳಿನ ಚೀಲ ಅಡ್ಡ ಇಡುತ್ತಾರೆ. ಮೇ ತಿಂಗಳಲ್ಲಿ ಕೆರೆ ತಳ ಕಂಡಿರುತ್ತದೆ, ಚೀಲದ ನೆನಪು ಯಾರಿಗೂ ಇರುವುದಿಲ್ಲ. ಜುಲೈನಲ್ಲಿ ಅವುಗಳ ಮೇಲೆ ಹುಲ್ಲು ಬೆಳೆದು ಕೋಡಿಯೇ ಒಂದೂವರೆ ಅಡಿ ಮೇಲೇರಿರುತ್ತದೆ. ನಿಮ್ಮ ಈಗಿನ ಕೋಡಿಯಲ್ಲಿ ಒಂದೂವರೆ ಅಡಿ ಚೀಲ ಇಟ್ಟರೆ ಅದರ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದು ಮೀನಿನ ಬಲೆ. ಕಾಟ್ಲಾ, ರೋಹು ಮರಿ ಹೊರಹೋಗದಿರಲಿ ಎಂದು ಕೋಡಿಗೆ ಬಲೆ ಕಟ್ಟಿದರೆ, ಸಿಲ್ವರ್ ಓಕಿನ ಎಲೆ ಬಂದು ಒಂದೇ ರಾತ್ರಿಯಲ್ಲಿ ಅದು ಗೋಡೆಯಾಗುತ್ತದೆ. ಬಲೆ ಬೇಕೇ ಬೇಕೆಂದರೆ ಕೋಡಿಯಿಂದ ನಾಲ್ಕೈದು ಮೀಟರ್ ಒಳಗೆ, ನೀರಿನಲ್ಲಿ ಅರ್ಧವೃತ್ತವಾಗಿ, ಕೋಡಿಯ ನಾಲ್ಕೈದು ಪಟ್ಟು ಉದ್ದಕ್ಕೆ ಕಟ್ಟಿ. ಅದರ ಮೇಲಂಚು ಏರಿಯ ನೆತ್ತಿಗಿಂತ ಎರಡು ಅಡಿಯಾದರೂ ತಗ್ಗಿರಲಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರಲ್ಲಿ ನಿಮ್ಮ ಮೂಡಿಗೆರೆ ಕಡೆ ಗುಡ್ಡ ಜಾರಿದ್ದು ನಿಮಗೆ ಗೊತ್ತೇ ಇದೆ. ಕೆರೆಯ ಮೇಲಿನ ಇಳಿಜಾರು ಜಾರಿದರೆ ಮಣ್ಣಿನ ಜೊತೆ ಮರವೂ ಬರುತ್ತದೆ. 6 ಅಡಿಯ ಬಾಯಿ ಮುಚ್ಚಲು ಒಂದು ಮರ ಸಾಕು, 35 ಅಡಿಯದನ್ನು ಮುಚ್ಚುವುದು ಅಷ್ಟು ಸುಲಭವಲ್ಲ.

ಈಗ ಹಿಂಬದಿಯ ತೇವ. ಸೋಸುನೀರು ಇಲ್ಲದ ಮಣ್ಣಿನ ಏರಿ ಎಲ್ಲೂ ಇಲ್ಲ, ತೇವ ಕಂಡ ಕೂಡಲೇ ಗಾಬರಿ ಬೇಡ. ನೋಡಬೇಕಾದದ್ದು ಮೂರು: ಎಲ್ಲಿ, ಎಷ್ಟು, ಮಣ್ಣು ತರುತ್ತದೆಯೇ. ಒಂದೇ ಮಣ್ಣಿನಿಂದ ಕಟ್ಟಿದ, ಒಳಗೆ ಬಸಿಗಾಲುವೆ ಇಲ್ಲದ ಏರಿಯಲ್ಲಿ ನೀರಿನ ಗೆರೆ ಹಿಂಬದಿಯಲ್ಲಿ ಬುಡದಿಂದ ಸುಮಾರು ಮೂರನೇ ಒಂದು ಎತ್ತರದವರೆಗೆ ಹೊರಬರಬಹುದು. ಬುಡದಲ್ಲಿ ಹರಡಿದ ತೇವಕ್ಕಿಂತ ಇಳಿಜಾರಿನ ಮೇಲೆ ಒಂದೇ ಕಡೆ ಒಸರುವ ನೀರು ಕೆಟ್ಟದ್ದು. ಬೇಸಿಗೆಯಲ್ಲಿ ಸುತ್ತಲ ಹುಲ್ಲು ಒಣಗಿದಾಗ ಹಸಿರು ಉಳಿದ ತೇಪೆ ಎಲ್ಲಿದೆ ನೋಡಿ, ಸುತ್ತ ಗೂಟ ಹೊಡೆದು ಗುರುತು ಮಾಡಿ. ಮುಂದಿನ ವರ್ಷ ಗೂಟ ದಾಟಿದೆಯೇ ತಿಳಿಯುತ್ತದೆ. ಹರಿವು ಇದ್ದರೆ ಒಂದು ಸಣ್ಣ ಚರಂಡಿಗೆ ಕೂಡಿಸಿ, 10 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಬರೆದಿಡಿ, ಪಕ್ಕದಲ್ಲೇ ಅಂದಿನ ಕೆರೆಯ ಮಟ್ಟವನ್ನೂ. ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬತೊಡಗಿದರೆ ಒಳಗೆ ದಾರಿ ದೊಡ್ಡದಾಗುತ್ತಿದೆ.

ಮಣ್ಣು ತರುತ್ತದೆಯೇ ಎಂಬುದಕ್ಕೆ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ಒಂದು ರಾತ್ರಿ ಅಲುಗಾಡಿಸದೆ ಇಡಿ. ತಳದಲ್ಲಿ ನುಣುಪಾದ ಮಣ್ಣಿನ ಪದರ ಕೂತರೆ ಏರಿ ಒಳಗಿನಿಂದ ಸವೆಯುತ್ತಿದೆ, ಅಂದೇ ನೀರು ಇಳಿಸಲು ಶುರುಮಾಡಬೇಕು. ಇಲ್ಲಿ ಅನೇಕರು ಮೋಸಹೋಗುತ್ತಾರೆ. ಮಲೆನಾಡಿನ ಕೆಂಪು ಮಣ್ಣಿನಿಂದ ಬರುವ ಸೋಸುನೀರಿನಲ್ಲಿ ಕಿತ್ತಳೆ ಬಣ್ಣದ ಲೋಳೆ, ಮೇಲೆ ಎಣ್ಣೆಯಂಥ ಪೊರೆ ಕಾಣುತ್ತದೆ. ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಕಡ್ಡಿಯಿಂದ ಪೊರೆಯನ್ನು ಕೆದಕಿ: ಗಾಜಿನ ಚೂರಿನಂತೆ ಒಡೆದು ಬೇರೆಯಾಗಿಯೇ ಉಳಿದರೆ ಬ್ಯಾಕ್ಟೀರಿಯಾ, ಸುಳಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಲೋಳೆಯನ್ನು ಬೆರಳಲ್ಲಿ ಉಜ್ಜಿದರೆ ಜಾರುತ್ತದೆ, ಮಣ್ಣಾದರೆ ಕರಕರ ಎನ್ನುತ್ತದೆ.

ತೇವದ ಜಾಗಕ್ಕೆ ಜೇಡಿಮಣ್ಣು ಒತ್ತಿ ಮುಚ್ಚುವುದು ದೊಡ್ಡ ತಪ್ಪು. ನೀರು ಒಳಗೇ ಒತ್ತಡ ಕಟ್ಟಿ ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಬೇಕಾದದ್ದು ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುವ ಶೋಧಕ. ಮೇಲಿನ ಹುಲ್ಲು ಕೆತ್ತಿ ತೆಗೆದು 15 ಸೆಂಟಿಮೀಟರ್ ದಪ್ಪ ಮರಳು, ಅದರ ಮೇಲೆ 15 ಸೆಂಟಿಮೀಟರ್ ಸಣ್ಣ ಜಲ್ಲಿ, ಅದರ ಮೇಲೆ ಒಂದು ಅಡಿ ದೊಡ್ಡ ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು. ತೇವದ ಗಡಿಯಿಂದ ಒಂದು ಮೀಟರ್ ಆಚೆಗೂ ಹೋಗಲಿ. ಎಂ-ಸ್ಯಾಂಡ್ ಹಾಕುವುದಾದರೆ ತೊಳೆದದ್ದೇ ಬೇಕು, ಇಲ್ಲದಿದ್ದರೆ ಅದರ ಪುಡಿಯೇ ಶೋಧಕವನ್ನು ಕಟ್ಟಿಬಿಡುತ್ತದೆ.

ಪೈಪು. ವಾಲ್ವ್ ಹೊರಗಡೆ ಇದೆ ಎಂದರೆ ಏರಿಯ ಹೊಟ್ಟೆಯೊಳಗಿನ ಪೂರ್ತಿ ಪೈಪು ವರ್ಷದ ಎಲ್ಲ ದಿನವೂ ಕೆರೆಯ ಪೂರ್ಣ ಒತ್ತಡದಲ್ಲಿದೆ ಎಂದರ್ಥ. ಹಳೆಯ ಕಬ್ಬಿಣಕ್ಕೆ ಒಂದು ತೂತು ಬಿದ್ದರೆ ನೀರು ನೇರವಾಗಿ ಏರಿಯ ನಡುವಿಗೆ ಚಿಮ್ಮುತ್ತದೆ. ಪೈಪಿನ ಹೊರಮೈ ಗುಂಟ ಮಣ್ಣು ಸರಿಯಾಗಿ ದಮ್ಮಸು ಆಗಿರುವುದೂ ಅಪರೂಪ, ಪೈಪಿನ ಕೆಳಹೊಟ್ಟೆಗೆ ಯಾವ ಹಾರೆಯೂ ತಲುಪುವುದಿಲ್ಲ. ನಿಮ್ಮ ತೇವ ಪೈಪಿನ ಬಾಯಿಯ ಸುತ್ತಲೇ ಇದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಅತಿ ಕಡಿಮೆ ಅಗೆತದ ಪರಿಹಾರ: ಕೆರೆ ಖಾಲಿ ಇರುವಾಗ ಹಳೆಯ ಪೈಪಿನೊಳಗೆ 110 ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ತೂರಿಸಿ, ನಡುವಿನ ಜಾಗಕ್ಕೆ ಸಿಮೆಂಟ್ ಹಾಲು ಪಂಪ್ ಮಾಡುವುದು. ಕೆರೆಯ ಒಳಬದಿಯಲ್ಲೂ ಒಂದು ಗೇಟು ಹಾಕುವುದು. ಹೊರಬದಿಯ ಕೊನೆಯ ಮೂರನೇ ಭಾಗದಲ್ಲಿ ಪೈಪಿನ ಸುತ್ತ 3 ಅಡಿ ದಪ್ಪದ ಮರಳಿನ ಪಟ್ಟಿ ಕಟ್ಟುವುದು. ಹಿಂದೆ ಪೈಪಿಗೆ ಕಾಂಕ್ರೀಟ್ ಕಾಲರ್ ಹಾಕುತ್ತಿದ್ದರು. ಅದರ ಪಕ್ಕದಲ್ಲೂ ಮಣ್ಣು ಸಡಿಲ ಉಳಿಯುತ್ತದೆ ಎಂದು ಕಂಡ ಮೇಲೆ ಮರಳೇ ಮೇಲು ಎಂಬುದು ಈಗಿನ ಅಭಿಪ್ರಾಯ.

ಏರಿಯ ಮೇಲೆ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ ಇದ್ದರೆ ಈಗಲೇ ಬೇರು ಸಮೇತ ಕೀಳಿಸಲು ಹೋಗಬೇಡಿ. ನಾಲ್ಕು ಇಂಚಿಗಿಂತ ಸಣ್ಣ ಕಾಂಡವಾದರೆ ಕಡಿದು ಬಿಡಬಹುದು. ದೊಡ್ಡ ಮರ ಕಡಿದರೆ ಬೇರು ಕೆಲವು ವರ್ಷದಲ್ಲಿ ಕೊಳೆತು ಟೊಳ್ಳು ಕೊಳವೆ ಉಳಿಯುತ್ತದೆ. ಅಂಥದ್ದನ್ನು ನೀರು ಇಳಿದ ಮೇಲೆ ಬೊಡ್ಡೆ ತೆಗೆದು, 15 ಸೆಂಟಿಮೀಟರ್ ಪದರಗಳಲ್ಲಿ ಹದವಾದ ತೇವದ ಮಣ್ಣು ತುಂಬಿ ದಮ್ಮಸು ಮಾಡಬೇಕು. ಗೆದ್ದಲಿನ ಹುತ್ತಕ್ಕೂ ಇದೇ ಕ್ರಮ. ಹುತ್ತಕ್ಕೆ ಹಾರೆ ಹಾಕಲು ಕೆಲಸದವರು ಒಪ್ಪದಿರುವುದು ಸಹಜ, ನಾಗರ ಪಂಚಮಿಗೆ ಹಾಲೆರೆದ ಹುತ್ತವಾದರಂತೂ ಕೇಳುವುದೇ ಬೇಡ. ಅದಕ್ಕೇ ಹುತ್ತ ಅಂಗೈ ಎತ್ತರ ಇರುವಾಗಲೇ ತೆಗೆಯುವ ಅಭ್ಯಾಸ ಒಳ್ಳೆಯದು. ಮುಳ್ಳುಹಂದಿಯ ಬಿಲವನ್ನು ಬರೀ ಬಾಯಿ ಮುಚ್ಚಿ ಬಿಡಬೇಡಿ, ಕೊನೆಯವರೆಗೆ ಅಗೆದೇ ತುಂಬಬೇಕು.

8 ಅಡಿಯ ನೆತ್ತಿಯೂ ಕಿರಿದೇ. ಎತ್ತರದ ಐದನೇ ಒಂದು ಭಾಗಕ್ಕೆ 3 ಮೀಟರ್ ಕೂಡಿಸಿ ಎಂಬ ಹಳೆಯ ಸೂತ್ರದಂತೆ 15 ಅಡಿ ಬೇಕು. ಇಳಿಜಾರಿನ ಅಳತೆ ನೀವು ಬರೆದಿಲ್ಲ. ಈ ಎತ್ತರಕ್ಕೆ ನೀರಿನ ಬದಿಯಲ್ಲಿ ಒಂದು ಅಡಿ ಎತ್ತರಕ್ಕೆ ಎರಡೂವರೆ ಅಡಿ ಅಡ್ಡ, ಹಿಂಬದಿಯಲ್ಲಿ ಒಂದಕ್ಕೆ ಎರಡು ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ಹಿಂಬದಿಗೆ ಮಣ್ಣು ಸೇರಿಸಿ ಅಗಲವನ್ನೂ ಇಳಿಜಾರನ್ನೂ ಒಟ್ಟಿಗೆ ಸರಿಪಡಿಸಬಹುದು. ಮೊದಲು ಶೋಧಕ, ಆಮೇಲೆ ಮಣ್ಣು. ಜೆಸಿಬಿಯಿಂದ ನೆತ್ತಿಯ ಮೇಲೆ ಎರಡು ಅಡಿ ಮಣ್ಣು ಸುರಿದು "ಏರಿ ಎತ್ತರಿಸಿದೆವು" ಎನ್ನುವುದು ಬೇಡವೇ ಬೇಡ.

ನೀರು ಇಳಿಸುವಾಗಲೂ ಆತುರ ಸಲ್ಲದು. ನೀರಿನ ಬದಿಯ ಮಣ್ಣು ನೆನೆದು ಭಾರವಾಗಿರುತ್ತದೆ, ಎದುರಿನ ನೀರಿನ ಆಸರೆ ಹಠಾತ್ ಹೋದರೆ ಆ ಇಳಿಜಾರು ಜಾರುತ್ತದೆ. ದಿನಕ್ಕೆ ಒಂದು ಅಡಿ ಸಾಕು. ತುಂಬಿದ ಕೆರೆಯಲ್ಲಿ ಅದು ದಿನಕ್ಕೆ 3,000 ಘನ ಮೀಟರ್, ಸೆಕೆಂಡಿಗೆ 35 ಲೀಟರ್. ನಿಮ್ಮ 6 ಇಂಚಿನ ಪೈಪು ಅಷ್ಟು ಬಿಡುತ್ತದೆ, ಒಳಗೆ 110 ತೂರಿಸಿದ ಮೇಲೆ ಸಾಲದು. ಏರಿಯ ಮೇಲಿಂದ ಸೈಫನ್ ಹಾಕಲು 160 ಮಿಲಿಮೀಟರಿನ ಎಚ್‌ಡಿಪಿಇ ಪೈಪು ತೋಟದಲ್ಲಿ ಸಿದ್ಧ ಇರಲಿ. ನಿಮ್ಮ ಎತ್ತರದ ಊರಿನಲ್ಲಿ ಸೈಫನ್ ಆರು ಮೀಟರಿಗಿಂತ ಹೆಚ್ಚು ಎಳೆಯುತ್ತದೆ ಎಂದು ನಂಬಬೇಡಿ.

ಕಾಯ್ದೆಗೆ ಬರದಿದ್ದರೆ ಹೊಣೆಯೂ ಇಲ್ಲವೇ? ಇದೆ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಒಬ್ಬರ ಗಿರಣಿ ಕೆರೆಯ ನೀರು ಇನ್ನೊಬ್ಬರ ಗಣಿಗೆ ನುಗ್ಗಿದ ಪ್ರಕರಣದಲ್ಲೇ, 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ತೀರ್ಪಿನಲ್ಲಿ, ತಂದು ಕೂಡಿಟ್ಟ ನೀರು ತಪ್ಪಿಸಿಕೊಂಡರೆ ನಿರ್ಲಕ್ಷ್ಯ ಇಲ್ಲದಿದ್ದರೂ ಒಡೆಯನೇ ಹೊಣೆ ಎಂಬ ನಿಯಮ ಬಂತು. ಕಾರ್ವೇಟಿನಗರದ ಜಮೀನ್ದಾರರ ಕೆರೆ ಒಡೆದು ಮದ್ರಾಸ್ ರೈಲ್ವೆಗೆ ನಷ್ಟವಾದ ಪ್ರಕರಣದಲ್ಲಿ, ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1874ರಲ್ಲಿ ಆ ಕಟ್ಟುನಿಟ್ಟನ್ನು ಸಡಿಲಿಸಿತು. ಕೆರೆ ಕಾಪಾಡುವುದು ಜಮೀನ್ದಾರರ ಸಾರ್ವಜನಿಕ ಕರ್ತವ್ಯ, ನಿರ್ಲಕ್ಷ್ಯ ಇಲ್ಲದಿದ್ದರೆ ಹೊಣೆ ಇಲ್ಲ ಎಂದಿತು. ಸ್ವಂತ ತೋಟಕ್ಕೆಂದೇ ಇರುವ ಕೆರೆಗೆ ಆ ರಿಯಾಯಿತಿ ಸಿಗುತ್ತದೆ ಎಂದು ಭರವಸೆ ಇಟ್ಟುಕೊಳ್ಳಬೇಡಿ. ತಪಾಸಣೆಯ ಪುಸ್ತಕ, ದಿನಾಂಕ ಹಾಕಿದ ಫೋಟೊ, ಎಂಜಿನಿಯರ್ ವರದಿ ಇಟ್ಟುಕೊಳ್ಳಿ. ಹಳ್ಳದ ಜಾಗ ಪಹಣಿಯಲ್ಲಿ 'ಬಿ' ಖರಾಬು ಎಂದಿದ್ದರೆ ಅದು ನಿಮ್ಮ ಸ್ವಂತದ್ದಲ್ಲ. ಕೆಲಸ ಶುರುಮಾಡುವ ಮೊದಲು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ.

ಇನ್ನು ನಿಮ್ಮ ಹೋಂಸ್ಟೇ. ಅಲ್ಲಿ ಬೇಡ. ಲೈನ್‌ನವರಿಗಾದರೂ ಕೆರೆ ಗೊತ್ತು, ಮಳೆಯ ರೀತಿ ಗೊತ್ತು. ಬೆಂಗಳೂರಿನಿಂದ ಬಂದು ಒಂದು ರಾತ್ರಿ ಮಲಗುವವರಿಗೆ ಮೇಲೆ ಕೆರೆ ಇದೆ ಎಂಬುದೇ ತಿಳಿದಿರುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಆರು ಲೈನ್ ಮನೆಗಳನ್ನು ಹಳ್ಳದ ತಳಕ್ಕಿಂತ ಆರೇಳು ಮೀಟರ್ ಎತ್ತರದ ದಿಣ್ಣೆಗೆ ಸ್ಥಳಾಂತರಿಸುವ ಲೆಕ್ಕ ಹಾಕಿ. ಕೆಳಗೆ ಬೇರೆ ಮನೆ ಇಲ್ಲದಿದ್ದರೆ ಏರಿಯನ್ನು ಮುಟ್ಟದೆಯೇ ನಿಮ್ಮ ಕೆರೆ 'ಹೆಚ್ಚಿನ'ದಿಂದ 'ಗಣನೀಯ'ಕ್ಕೆ ಇಳಿಯುತ್ತದೆ. ರಸ್ತೆ ಇರುವವರೆಗೆ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಳೆಯ ಲೈನ್ ಮನೆಗಳನ್ನು ಹೇಗಿದ್ದರೂ ಒಂದು ದಿನ ಹೊಸದಾಗಿ ಕಟ್ಟಬೇಕಲ್ಲ, ಆ ದಿನವನ್ನು ಮುಂದಕ್ಕೆ ಹಾಕದಿದ್ದರಾಯಿತು.

ಕೆಲಸದ ಕ್ರಮ ಹೀಗಿರಲಿ. ಬ್ಲಾಸಮ್, ಅದರ ನಂತರದ ಎರಡನೆಯ ಸುತ್ತಿನ ಬ್ಯಾಕಿಂಗ್ ನೀರು ಮುಗಿದು ಕೆರೆ ಇಳಿದ ಮೇಲೆ, ಏಪ್ರಿಲ್‌ನಲ್ಲಿ ಕೋಡಿ ಮತ್ತು ಪೈಪು. ಮೇ ಕೊನೆಯೊಳಗೆ ಶೋಧಕ. ಹಿಂಬದಿಯ ಮಣ್ಣಿನ ಕೆಲಸ ಮುಂದಿನ ವರ್ಷಕ್ಕೆ ಉಳಿದರೂ ಚಿಂತೆಯಿಲ್ಲ. ಬೇಸಿಗೆಯಲ್ಲಿ ಒಣಗಿದ ಏರಿ ಬಿರುಕು ಬಿಟ್ಟಿರುತ್ತದೆ, ಹಾಗಾಗಿ ಜೂನ್-ಜುಲೈನ ಮೊದಲ ತುಂಬುವಿಕೆಯಲ್ಲಿ ದಿನಕ್ಕೆರಡು ಸಲ ಹಿಂಬದಿ ನಡೆದು ನೋಡಿ. ಕೋಡಿಯ ಪಕ್ಕ ಒಂದು ಕಲ್ಲುಕಂಬ ನೆಟ್ಟು, ನೆತ್ತಿಗಿಂತ ಒಂದೂವರೆ ಅಡಿ ಕೆಳಗೆ ಕೆಂಪು ಪಟ್ಟಿ ಬಳಿಯಿರಿ. ಈ ಮಳೆಗಾಲದೊಳಗೆ ಯಾವ ಕೆಲಸವೂ ಆಗದಿದ್ದರೆ ಪೈಪಿನಲ್ಲಿ ನೀರು ಬಿಡುತ್ತ ಕೆರೆಯನ್ನು ಕೋಡಿಗಿಂತ ಆರೇಳು ಅಡಿ ಕೆಳಗೇ ಇಟ್ಟುಕೊಳ್ಳಿ, ಸೆಪ್ಟೆಂಬರ್ ಕೊನೆಯಲ್ಲಿ ತುಂಬಿಸಿದರಾಯಿತು. ಲೈನಿಗೆ ಕರೆಂಟು ಬೇಡದ ಕೈಸೈರನ್ ಒಂದು ಕೊಡಿ. ಮಳೆ ಜೋರಾದಾಗ ಮೊದಲು ಹೋಗುವುದೇ ಕರೆಂಟು, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕ್. ನೀರು ಕೆಂಪು ಪಟ್ಟಿ ಮುಟ್ಟಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, ಆರು ಮನೆಯವರೂ ರಸ್ತೆಯ ಕಡೆ ಓಡದೆ ನೇರ ದಿಣ್ಣೆ ಹತ್ತಬೇಕು ಎಂದು ಈಗಲೇ ಹೇಳಿ, ಮಕ್ಕಳನ್ನೂ ಕರೆದುಕೊಂಡು ಒಂದು ಸಂಜೆ ಹತ್ತಿಸಿಯೂ ನೋಡಿ.